ಉಪ್ಪಿನ ಕೋಠಿಗೆ ಯಾವ ನಾಟಕ

ನಮ್ಮೂರಿನಲ್ಲಿ ಎದುರಿಗೆ ಸಿಕ್ಕವರನ್ನು ಯಾರೂ ಊಟವಾಯಿತೇ ಎಂದು ಕೇಳುವುದಿಲ್ಲ. ಯಾವುದು ಎಲ್ಲಿಗೆ ಎಂದು ಕೇಳುತ್ತಾರೆ. ಹೊಸದಾಗಿ ಬಂದ ಸೊಸೆಯಂದಿರು ಮೊದಲ ವಾರ ಬೆಪ್ಪಾಗಿ ನಿಂತು, ಎರಡನೆಯ ವಾರಕ್ಕೆ ತಾವೇ ಬಾವಿಕಟ್ಟೆಯ ಮೇಲೆ ಕೊಡ ಇಳಿಸಿ, "ನನಗನಸ್ತೈತಿ, 'ಅತ್ತಿಗೆಯ ಆಣೆ' ಈ ಸಲ ಬಳೆಪ್ಯಾಟಿಗೇ" ಎಂದು ಶುರು ಮಾಡುತ್ತಾರೆ. ಊರಿನಲ್ಲಿ ಥೇಟರುಗಳು ಆರು, ನಾಟಕಗಳು ಐದು. ಮೂರು ತಿಂಗಳಿಗೊಂದು ಸರತಿ. ಸರತಿ ಮುಗಿದ ಮರುದಿನ ನಸುಕಿನಲ್ಲಿ ನಾಟಕಗಳು ತಮಗೆ ಬೇಕಾದ ಥೇಟರಿಗೆ ಹೋಗಿಬಿಡುತ್ತವೆ. ಸಿಂಹಾಸನ, ಕಟ್ಟಿಗೆಯ ಕತ್ತಿ, ಗಡ್ಡಮೀಸೆಯ ಡಬ್ಬಿ, ಹಾರ್ಮೋನಿಯಂನ ಕಾಲುಪೆಟ್ಟಿಗೆ ಎಲ್ಲವೂ ಹೊಸ ಜಾಗದಲ್ಲಿ ಹಳೆಯ ಠೀವಿಯಿಂದ ಕೂತಿರುತ್ತವೆ. ಯಾರೂ ಹೊರುವುದಿಲ್ಲ, ಯಾರಿಗೂ ಸದ್ದು ಕೇಳಿಸುವುದಿಲ್ಲ. ನಟರು ಎದ್ದು ಹಲ್ಲುಜ್ಜಿ, ಊರು ಸುತ್ತಿ ತಮ್ಮ ನಾಟಕ ಎಲ್ಲಿದೆಯೆಂದು ಹುಡುಕಿಕೊಳ್ಳಬೇಕು. ತಪ್ಪು ಥೇಟರಿನಲ್ಲಿ ನಿಂತರೆ ಬಾಯಿ ತೆರೆಯುತ್ತದೆ, ಮಾತು ಬರುವುದಿಲ್ಲ. ನಾಟಕ ಬಂದ ಥೇಟರಿನ ಪರದೆ ತಾನಾಗಿ ಮೇಲೇಳುತ್ತದೆ. ಬಾರದ ಥೇಟರಿನದನ್ನು ನಾಲ್ಕು ಜನ ಜೋತುಬಿದ್ದು ಎಳೆದರೂ ಗೇಣು ಕದಲುವುದಿಲ್ಲ. ನಮ್ಮ ಪರದೆಗಳಿಗೆ ಹಗ್ಗ ಇರುವುದು ನಟರು ಧೋತರ ಒಣಹಾಕಿಕೊಳ್ಳಲಿ ಎಂದು.

ಹಿಂದೆ ಏಳು ಥೇಟರು, ಏಳು ನಾಟಕ ಇದ್ದವಂತೆ. ನಮ್ಮಜ್ಜಿಯ ಕಾಲಕ್ಕೆ ಎರಡು ನಾಟಕಗಳು ಮುನಿಸಿಕೊಂಡು ಊರು ಬಿಟ್ಟವು. ಒಂದು, ಅಳುವ ಜಾಗದಲ್ಲಿ ಯಾರೋ ನಕ್ಕದ್ದಕ್ಕೆ. ಇನ್ನೊಂದು, ನಗುವ ಜಾಗದಲ್ಲಿ ಯಾರೂ ನಗದಿದ್ದಕ್ಕೆ. ಹೋದವು ಮರಳಿ ಬರಲಿಲ್ಲ. ಖಾಲಿ ಉಳಿಯುವುದು ಥೇಟರಿಗೆ ಅವಮಾನವೇನಲ್ಲ, ಒಂದಲ್ಲ ಒಂದು ಸರತಿ ಎಲ್ಲರ ಪಾಲಿಗೂ ಬರುತ್ತದೆ. ಆದರೆ ಸಾಲಾಗಿ ನಾಲ್ಕು ಸರತಿ ಖಾಲಿ ಉಳಿದರೆ ಪಂಚರು ಬಾಗಿಲು ಕೀಳಿಸಿ ಕಟ್ಟಡವನ್ನು ಬೇರೆ ಕೆಲಸಕ್ಕೆ ಕೊಡುತ್ತಾರೆ. ಹುಣಸೆಮರದ ಥೇಟರು ಹಾಗೇ ಹೋಯಿತು. ಈಗ ಅಲ್ಲಿ ಬೆಳ್ಳುಳ್ಳಿ ಒಟ್ಟಿರುತ್ತಾರೆ. ಅದರ ಮುಂದೆ ಹಾಯುವಾಗ ನಾನು ಮೂಗು ಮುಚ್ಚಿಕೊಳ್ಳುತ್ತೇನೆ, ವಾಸನೆಗಲ್ಲ.

ನಾನು ದುಂಡವ್ವ. ಹೆಸರು ದುಂಡವ್ವ, ಮೈ ಊದಿನಕಡ್ಡಿ. ಆರನೆಯ ಥೇಟರಾದ ಉಪ್ಪಿನ ಕೋಠಿಯ ಬಾಗಿಲು ಕಾಯುವವಳು. ನನಗಿಂತ ಮೊದಲು ನನ್ನವ್ವ ಕಾಯುತ್ತಿದ್ದಳು. ಅದು ಯಾವ ಕಾಲದಲ್ಲೋ ಉಪ್ಪು ತುಂಬುತ್ತಿದ್ದ ಕಟ್ಟಡ. ಈಗಲೂ ಗೋಡೆಗೆ ಬೆರಳೊತ್ತಿ ನೆಕ್ಕಿದರೆ ಉಪ್ಪುಪ್ಪು. ಒಳಗೆ ಮುನ್ನೂರು ಜನ ಕೂರಬಹುದು, ಸೇರಿಸಿ ಕೂತರೆ ನಾನೂರು, ಜಗಳ ಮಾಡದಿದ್ದರೆ ಐನೂರು. ನಾನು ಹುಟ್ಟಿದ್ದು ಅದರ ಚೀಟಿ ಕೊಡುವ ಕೋಣೆಯಲ್ಲಿ. ಐವತ್ತೇಳು ವರ್ಷಗಳಲ್ಲಿ ಆ ಬಾಗಿಲಿನಿಂದ ಎಷ್ಟು ರಾಜರನ್ನು ಒಳಗೆ ಬಿಟ್ಟಿದ್ದೇನೋ ಲೆಕ್ಕವಿಲ್ಲ. ಒಮ್ಮೆಯೂ ರಂಗದ ಮೇಲೆ ಕಾಲಿಟ್ಟವಳಲ್ಲ. ಬಾಗಿಲು ಕಾಯುವವರು ಮೇಲೆ ಹತ್ತಬಾರದೆಂದು ನನ್ನವ್ವ ಹೇಳಿದ್ದಳು, ನಾನೂ ಯಾಕೆಂದು ಕೇಳಿರಲಿಲ್ಲ.

ಮೂರು ತಿಂಗಳ ಹಿಂದೆ ಉಪ್ಪಿನ ಕೋಠಿ ಸಾಲಾಗಿ ಮೂರು ಸರತಿ ಖಾಲಿ ಉಳಿದಿತ್ತು. ನಾಲ್ಕನೆಯದು ಹತ್ತಿರವಾಗಿತ್ತು. ಇದಕ್ಕೆಲ್ಲ ಕಾರಣ ಅಡಿವೆಪ್ಪ ಮಾಸ್ತರು ಎಂದು ನಾನು ನಂಬಿದ್ದೆ. ನಾನೊಬ್ಬಳೇ ಅಲ್ಲ, ಊರೇ ನಂಬಿತ್ತು.

ಮಾಸ್ತರು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವರು. ಯಾವ ನಕಾಶೆಯಲ್ಲೂ ಇಲ್ಲದ ಊರಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸುವುದೆಂದರೆ ಎಂಥ ತಾಳ್ಮೆ ಬೇಕು, ನೀವೇ ಯೋಚಿಸಿ. ನಿವೃತ್ತಿಯ ನಂತರ ಆ ತಾಳ್ಮೆಯನ್ನೆಲ್ಲ ನಾಟಕಗಳ ಹಾದಿ ಲೆಕ್ಕ ಹಾಕುವುದಕ್ಕೆ ಬಳಸಿದರು. ಯಾವ ಥೇಟರಿನ ಗುಬ್ಬಿ ಎತ್ತ ಹಾರಿತು, ಯಾವ ಬೆಂಚು ಹೇಗೆ ಕಿರುಗುಟ್ಟಿತು, 'ಸೋತ ಸೇನಾಪತಿ'ಯ ಕತ್ತಿಗೆ ಎಲ್ಲಿ ತುಕ್ಕು ಹಿಡಿಯಿತು, ಎಲ್ಲ ಒಂದು ವಹಿಯಲ್ಲಿ ಬರೆದಿಡುತ್ತಿದ್ದರು. ಕಟ್ಟಿಗೆಯ ಕತ್ತಿಗೆ ತುಕ್ಕು ಹೇಗೆ ಹಿಡಿಯುತ್ತದೆ ಎಂದು ನಾನು ಕೇಳಿದ್ದೆ. "ಹಿಡದೈತೆಲ್ಲ, ಅದs ವಿಶೇಷ" ಎಂದಿದ್ದರು. ಸರತಿ ಮುಗಿಯುವ ದಿನ ಮಧ್ಯಾಹ್ನ ದಾವಲಸಾಬನ ಚಹಾದಂಗಡಿಯಲ್ಲಿ ನಿಂತು, ಯಾವುದು ಎಲ್ಲಿಗೆ ಎಂದು ಸಾರುತ್ತಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಹೇಳಿದ್ದು ಒಂದೇ ಒಂದು ಸಲವೂ ನಿಜವಾಗಲಿಲ್ಲ.

ಹಾಗೆಂದು ಜನ ಅವರನ್ನು ಬಿಟ್ಟರೆ? ಇನ್ನಷ್ಟು ಹತ್ತಿರ ಬಂದರು. ಸರಿ ಹೇಳುವವನು ಊರಿಗೊಬ್ಬ ಸಿಗಬಹುದು, ತಪ್ಪದೆ ತಪ್ಪು ಹೇಳುವವನು ಸಿಗುವುದು ಪುಣ್ಯ ಎಂದು ದಾವಲಸಾಬ ಹೇಳುತ್ತಿದ್ದ. ನಮ್ಮಲ್ಲಿ ಒಂದು ಪದ್ಧತಿ ಇದೆ. ಸರತಿಯ ಕಡೆಯ ದಿನ ಹೊತ್ತು ಮುಳುಗುವ ಮುಂಚೆ ಪ್ರತಿ ಮನೆಯವರೂ ತಮಗೆ ತೋಚಿದ ಥೇಟರಿನ ಮುಂದೆ ಚಾಪೆ ಹಾಸಿ ಬರುತ್ತಾರೆ. ನಾಟಕ ಅಲ್ಲಿಗೆ ಬಂದರೆ ಮುಂದಿನ ಸಾಲು ಅವರದು. ಒಂದು ನಾಟಕಕ್ಕೆ ಮಾಸ್ತರು ಯಾವ ಥೇಟರಿನ ಹೆಸರು ಹೇಳುತ್ತಾರೋ, ಅದಕ್ಕೆಂದು ಅಲ್ಲಿ ಒಂದು ಚಾಪೆಯೂ ಬೀಳುತ್ತಿರಲಿಲ್ಲ. ಕಳೆದ ಮೂರು ಸರತಿಯೂ ಅವರು ನಿಂತು ಹೇಳಿದ್ದು ಇದೇ: "'ಕುರುಡು ರಾಜನ ಕನ್ನಡಿ' ಉಪ್ಪಿನ ಕೋಠಿಗೆ ಬರ್ತೈತಿ." 'ಕುರುಡು ರಾಜನ ಕನ್ನಡಿ' ಐದರಲ್ಲಿ ಹಿರಿಯ ನಾಟಕ, ಎಲ್ಲ ಥೇಟರಿನವರೂ ಬಾಯಿ ಬಿಡುವ ನಾಟಕ. ಅವರು ಹಾಗೆ ಹೇಳಿದಾಗಲೆಲ್ಲ ನಾನು ಚೀಟಿ ಕೊಡುವ ಕೋಣೆಗೆ ಬಂದು ಮುಸುಕು ಹೊದ್ದು ಮಲಗುತ್ತಿದ್ದೆ. ಬೆಳಿಗ್ಗೆ ಎದ್ದು ಕೋಠಿಯ ಕಸ ಕೂಡ ಹೊಡೆಯುತ್ತಿರಲಿಲ್ಲ. ಬಾರದವರಿಗೆ ಯಾಕೆ ರಂಗೋಲಿ?

ನಾಲ್ಕನೆಯ ಸರತಿಗೆ ಎರಡು ದಿನವಿದ್ದಾಗ ನಾನು ತಡೆದುಕೊಳ್ಳದೆ ಅವರನ್ನೇ ಕೇಳಿದೆ. ದೂರ ಹೋಗಬೇಕಾಗಿರಲಿಲ್ಲ. ನಾಟಕ ಇರಲಿ ಬಿಡಲಿ, ಮಾಸ್ತರು ದಿನವೂ ನಾಲ್ಕು ಗಂಟೆಗೆ ಉಪ್ಪಿನ ಕೋಠಿಗೆ ಬಂದು ಕಡೆಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. ಮಾಡು ಸೋರುವುದರಿಂದ ಆ ತುದಿಯಲ್ಲಿ ಛತ್ರಿ ಬಿಚ್ಚಿಕೊಂಡೇ ಕೂರಬೇಕು. ಬಿಸಿಲಿದ್ದರೂ ರೂಢಿಗೆ ಬಿಚ್ಚುತ್ತಿದ್ದರು. ನಾನು ಚಹಾ ತಂದು ಕೊಟ್ಟೆ.

"ಮಾಸ್ತರ, ಈ ಸಲ ಏನ ಹೇಳವ್ರು?"

"ಕಂಡದ್ದ ಹೇಳತೀನಿ. ಕನ್ನಡಿ ಇಲ್ಲೇ ಬರ್ತೈತಿ."

"ಮೂರು ಸಲಾನೂ ಹಂಗs ಅಂದ್ರಿ."

"ಮೂರು ಸಲಾನೂ ಹಂಗs ಕಂಡಿತ್ತು."

"ಈ ಸಲ ಬರೂದಿಲ್ಲ ಅನ್ರಿ. ಉಪ್ಪಿನ ಕೋಠಿ ಖಾಲಿ ಉಳೀತೈತಿ ಅಂತ ಹೇಳ್ರಿ. ನಿಮ್ಮ ಬಾಯಾಗಿಂದ ಅಷ್ಟ ಬಂದ್ರ ಸಾಕು, ಯಾವುದರ ಒಂದು ಓಡಿ ಬರ್ತೈತಿ. ನಿಮ್ಮ ಕಾಲಿಗೆ ಬೀಳತೀನಿ."

ಮಾಸ್ತರು ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟರು. ಇಪ್ಪತ್ತೆರಡು ವರ್ಷ ಊರು ಅವರನ್ನು ನೋಡಿ ನಕ್ಕಿದೆ, ಅವರು ಒಂದು ದಿನವೂ ಮುಖ ಸಣ್ಣ ಮಾಡಿರಲಿಲ್ಲ. ಅವತ್ತು ಮಾಡಿದರು. "ದುಂಡವ್ವ, ನಾ ಹೇಳಿದ್ದು ತಪ್ಪಾಗಿರಬಹುದು. ಸುಳ್ಳ ಹೇಳಿಲ್ಲ. ಅದೊಂದs ಉಳದೈತಿ ನನ್ನ ಕಡೆ" ಎಂದರು. ಚಹಾ ಮುಗಿಸದೆ ಎದ್ದು ಹೋದರು. ಛತ್ರಿ ಮರೆತು ಹೋದರು. ನನಗೆ ಕೋಪ ಬಂತು, ನಾಚಿಕೆಯೂ ಬಂತು. ಎರಡೂ ಒಟ್ಟಿಗೆ ಬಂದರೆ ಮನುಷ್ಯ ಏನು ಮಾಡಬೇಕು? ಅವರ ಲೋಟವನ್ನು ಮೂರು ಸಲ ತೊಳೆದೆ.

ಸರತಿ ಮುಗಿಯುವ ದಿನ ದಾವಲಸಾಬನ ಅಂಗಡಿಯ ಮುಂದೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಶೇಂಗಾ ವ್ಯಾಪಾರದ ಚನವೀರ ಶೆಟ್ಟರೂ ಬಂದಿದ್ದರು. ಕೋಠಿ ಖಾಲಿಯಾದರೆ ತಮ್ಮ ಮೂಟೆ ಇಡಲು ಕೊಡಬೇಕೆಂದು ಪಂಚರಿಗೆ ಮೊದಲೇ ಹೇಳಿಟ್ಟಿದ್ದರು. ಕೆಟ್ಟವರೇನಲ್ಲ, ಶೇಂಗಾಕ್ಕೆ ನೆರಳು ಬೇಕಿತ್ತು ಅಷ್ಟೆ. ಮಾಸ್ತರು ಬೆಂಚು ಹತ್ತಿ ವಹಿ ತೆರೆದರು. 'ಬಾವಿಗೆ ಬಿದ್ದ ಬೀಗರು' ಗಾಣಿಗರ ಓಣಿಗೆ ಎಂದರು. ಜನ ಬೆರಳು ಮಡಚಿ, ಹಾಗಾದರೆ ಗಾಣಿಗರ ಓಣಿಗಲ್ಲ ಎಂದುಕೊಂಡರು. ಹೀಗೇ ಒಂದೊಂದಾಗಿ ಐದೂ ನಾಟಕಗಳಿಗೆ ಐದು ಥೇಟರುಗಳ ಹೆಸರು ಹೇಳಿದರು. ಆಮೇಲೆ ವಹಿ ಮುಚ್ಚಿದರು. ನನ್ನ ಕಡೆ ನೋಡಲಿಲ್ಲ.

"ಉಪ್ಪಿನ ಕೋಠಿ ಖಾಲಿ ಉಳೀತೈತಿ" ಎಂದರು.

ದಾವಲಸಾಬ ಚಹಾ ಸೋಸುತ್ತಿದ್ದವನು ನಿಲ್ಲಿಸಿದ. ನಂತರ ಒಬ್ಬೊಬ್ಬರಾಗಿ ಚಾಪೆ ತರಲು ಮನೆಗೆ ಓಡಿದರು. ಲೆಕ್ಕ ಯಾರಿಗಾದರೂ ತಿಳಿಯುವಂಥದು. ಮಾಸ್ತರು ಐದು ಕಡೆ ಬರುತ್ತದೆ ಎಂದಿದ್ದಾರೆ, ಆ ಐದೂ ಅನುಮಾನ. ಒಂದು ಕಡೆ ಬರುವುದಿಲ್ಲ ಎಂದಿದ್ದಾರೆ, ಅದೊಂದೇ ಖಾತ್ರಿ. ಸಂಜೆಯ ಹೊತ್ತಿಗೆ ಉಪ್ಪಿನ ಕೋಠಿಯ ಮುಂದಿನ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಈಚಲ ಚಾಪೆ, ಜೊಂಡಿನ ಚಾಪೆ, ಬಾಣಂತಿಯ ಚಾಪೆ, ಜಮಖಾನೆ, ಯಾರೋ ಅವಸರಕ್ಕೆ ತಂದ ಗೋಣಿತಾಟು. ನಾನು ಮೂರು ಸರತಿಯ ಕಸ ಒಂದೇ ಸಲ ಹೊಡೆದೆ. ಬೆಂಚು ಒರೆಸಿದೆ, ದೀಪದ ಗಾಜು ತಿಕ್ಕಿದೆ, ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದೆ. ಮಾಸ್ತರು ಅವತ್ತು ನಾಲ್ಕು ಗಂಟೆಗೆ ಬರಲಿಲ್ಲ. ನನಗೆ ಅದು ನೆನಪಾದದ್ದು ತಡವಾಗಿ, ಅದನ್ನು ಈಗ ಹೇಳುವುದಕ್ಕೂ ಕಷ್ಟವಾಗುತ್ತದೆ.

ಬೆಳಗಾಯಿತು. ಜನ ಒಳಗೆ ತುಂಬಿಕೊಂಡರು. ಜಗಳ ಮಾಡದೆ ಐನೂರು ಎಂದೆನಲ್ಲ, ಅವತ್ತು ಜಗಳ ಮಾಡಿಯೂ ಆರುನೂರು. ಎಲ್ಲರೂ ಪರದೆಯತ್ತ ಕಣ್ಣು ನೆಟ್ಟು ಕೂತರು. ಪರದೆ ಕದಲಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಸುದ್ದಿ ಬರತೊಡಗಿತು. 'ಅತ್ತಿಗೆಯ ಆಣೆ' ಕೆರೆದಂಡೆಗೆ ಹೋಗಿದೆ. 'ಸೋತ ಸೇನಾಪತಿ' ಗಡಿಯಾರದ ಥೇಟರಿನಲ್ಲಿ. 'ಹನ್ನೆರಡು ಮೊಳದ ಸೀರೆ' ಗಾಣಿಗರ ಓಣಿಯಲ್ಲಿ. ಬೀಗರು ಮಂಗಳವಾರಪೇಟೆಯಲ್ಲಿ ಬಾವಿಗೆ ಬೀಳಲು ತಯಾರಾಗಿದ್ದಾರೆ. ಇನ್ನು ಉಳಿದದ್ದು 'ಕುರುಡು ರಾಜನ ಕನ್ನಡಿ'. ಬಳೆಪೇಟೆಯೋ ನಮ್ಮದೋ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಬಳೆಗಾರರ ಮನೆಯ ಮುದುಕಿಯೊಬ್ಬಳು ಏದುಸಿರು ಬಿಡುತ್ತ ಬಂದು, "ಕನ್ನಡಿ ನಮ್ಮಲ್ಲೇ ಬಂದೈತ್ರೀ. ಪರದೆ ಎದ್ದು ತಾಸಾತು, ನೋಡಾಕ ಒಂದು ನರಪಿಳ್ಳೆ ಇಲ್ಲ" ಎಂದಳು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಮಾಸ್ತರು ಹೇಳಿದ ಒಂದು ಮಾತು ನಿಜವಾಗಿತ್ತು, ಅದೂ ಇದು.

ಜನ ಎದ್ದು ಹೋಗಬೇಕಿತ್ತು. ಐದು ಕಡೆ ನಾಟಕವಿತ್ತು, ನೋಡುವವರಿರಲಿಲ್ಲ. ಇಲ್ಲಿ ನೋಡುವವರಿದ್ದರು, ನಾಟಕವಿರಲಿಲ್ಲ. ಆದರೆ ನಮ್ಮೂರಿನವರು ನಾಟಕವಾದರೂ ಬಿಟ್ಟಾರು, ವಾದ ಬಿಟ್ಟಾರೆಯೇ? ಮಾಸ್ತರು ಹೇಳಿದ್ದು ಸರಿಯಾಯಿತೋ ತಪ್ಪಾಯಿತೋ ಎಂದು ಶುರುವಾಯಿತು. ಐದು ಥೇಟರಿನ ಮಾತು ಎಂದಿನಂತೆ ತಪ್ಪಾಗಿದೆ, ಆರನೆಯದು ಸರಿಯಾಗಿದೆ, ಒಟ್ಟಾರೆ ಅವರನ್ನು ನಂಬಬೇಕೋ ಬೇಡವೋ ಎಂದು ಆರುನೂರು ಜನ ಒಟ್ಟಿಗೆ ಮಾತಾಡುತ್ತಿದ್ದರು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ದಾವಲಸಾಬ ಅಂಗಡಿಯನ್ನೇ ಒಳಗೆ ತಂದ. ಖಾಲಿ ಬೆಂಚುಗಳಿಗೆ ಮಾತಾಡಿ ಬೇಸತ್ತ ನಟರು ಬಣ್ಣ ಹಚ್ಚಿಕೊಂಡೇ ಬಂದು ಇಣುಕಿದರು. ಕುರುಡು ರಾಜ ಸ್ವತಃ ಬಂದು, ಚೆನ್ನಾಗಿ ಕಾಣುವ ಕಣ್ಣಿನಿಂದ ಖಾಲಿ ಜಾಗ ಹುಡುಕಿ ಕೂತ.

ಅಷ್ಟರಲ್ಲಿ ಮಾಸ್ತರು ಬಂದರು. ತಲೆ ತಗ್ಗಿಸಿ, ಯಾರನ್ನೂ ನೋಡದೆ ನನ್ನ ಮುಂದೆ ನಿಂತರು. "ಛತ್ರಿ ಇಲ್ಲೇ ಉಳದಿತ್ತು" ಎಂದರು. ನಾನು ಕೊಟ್ಟೆ. ಬೈಯಬೇಕೆಂದಿದ್ದೆ. ಆದರೆ ಸುಳ್ಳು ಕೇಳಿದ್ದು ನಾನು, ಕೊಟ್ಟದ್ದು ಅವರು. ತಮ್ಮ ಕಡೆ ಉಳಿದಿದ್ದ ಒಂದನ್ನೂ ನನಗಾಗಿ ಕೊಟ್ಟು, ಅದೂ ವ್ಯರ್ಥವಾಗಿ ನಿಂತಿದ್ದ ಮನುಷ್ಯನಿಗೆ ಏನು ಹೇಳುವುದು? "ಕೂಡ್ರಿ" ಎಂದೆ.

ಅದೇ ಹೊತ್ತಿಗೆ ಚನವೀರ ಶೆಟ್ಟರು ಅಳತೆಯ ಟೇಪು ಹಿಡಿದು ಬಂದರು. ಜನ ಇದ್ದರೇನಂತೆ, ಒಂದು ಸಲ ಉದ್ದಗಲ ನೋಡಿಬಿಡುತ್ತೇನೆ ಎಂದು ಟೇಪಿನ ಒಂದು ತುದಿಯನ್ನು ಪರದೆಯ ಕೆಳಅಂಚಿಗೆ ಪಿನ್ನಿನಿಂದ ಸಿಕ್ಕಿಸಿ, ಇನ್ನೊಂದು ತುದಿಯನ್ನು ಜನರ ತಲೆಯ ಮೇಲಿಂದ ಹಿಡಿದು ಬಾಗಿಲ ಕಡೆ ನಡೆದರು. ನನ್ನ ಹತ್ತಿರ ಬರುವಷ್ಟರಲ್ಲಿ ಟೇಪು ಬಿಗಿಯಾಯಿತು. ಶೆಟ್ಟರು ಎಳೆದರು. ಟೇಪು ತಿರುಗಿ ಎಳೆಯಿತು.

"ಯಾರಪ್ಪಾ ಜಗ್ಗಾವ್ರು? ಬಿಡ್ರಿ" ಎಂದರು ಶೆಟ್ಟರು, ಹಿಂದೆ ನೋಡದೆ.

ಟೇಪು ಅವರ ಕೈಯಿಂದ ಜಾರಿತು. ಜಾರಿ, ಜನರ ತಲೆಯ ಮೇಲೆ ಹರಿದು, ಮೇಲೆ ಹೋಯಿತು. ಪರದೆ ಏಳುತ್ತಿತ್ತು. ಅವಸರವಿಲ್ಲದೆ, ಎಂದಿನಂತೆ, ಅರ್ಧಕ್ಕೆ ಒಮ್ಮೆ ನಿಂತು, ಮತ್ತೆ ಪೂರ್ತಿ ಎದ್ದಿತು. ಆರುನೂರು ಜನ ಕತ್ತು ಚಾಚಿದರು. ರಂಗದ ಮೇಲೆ ಸಿಂಹಾಸನವಿರಲಿಲ್ಲ, ಕತ್ತಿಯಿರಲಿಲ್ಲ, ಬಾವಿಯಿರಲಿಲ್ಲ. ಬರೀ ಹಲಗೆ, ಅದರ ಮೇಲೆ ಮಾಡಿನ ತೂತಿನಿಂದ ಬಿದ್ದ ಬಿಸಿಲು.

ಕುರುಡು ರಾಜ ಎದ್ದ. ದೊಡ್ಡ ನಟ, ಖಾಲಿ ರಂಗ ಕಂಡರೆ ಸುಮ್ಮನಿರಲಾರ. ಹತ್ತಿ ನಿಂತು ಬಾಯಿ ತೆರೆದ. ಮಾತು ಬರಲಿಲ್ಲ. ಇಳಿದ. ಸೇನಾಪತಿ ಹತ್ತಿದ, ಅವನಿಗೂ ಇಲ್ಲ. ಇದು ಯಾರ ನಾಟಕ ಎಂದು ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ನಾನು ಮಾಸ್ತರನ್ನು ನೋಡಿದೆ. ಅವರು ಛತ್ರಿ ಬಿಚ್ಚಿಕೊಂಡು ಕಡೆಯ ಬೆಂಚಿನ ತುದಿಯಲ್ಲಿ ಕೂತಿದ್ದರು. "ಹತ್ರಿ ಮ್ಯಾಲ" ಎಂದೆ. "ನಾನs?" ಎಂದರು. ಬೆನ್ನಿಗೆ ಕೈ ಹಾಕಿ ನೂಕಿದೆ. ಜನ ದಾರಿ ಬಿಟ್ಟರು.

ಮಾಸ್ತರು ರಂಗದ ನಡುವೆ ನಿಂತು ಬಾಯಿ ತೆರೆದರು. ಮಾತು ಬಂತು. ಸಣ್ಣ ದನಿ, ಆದರೆ ಕಡೆಯ ಸಾಲಿಗೂ ಕೇಳಿಸಿತು.

"ಇಪ್ಪತ್ತೆರಡು ವರ್ಷ ಖರೇ ಹೇಳಿದೆ, ಒಂದೂ ಖರೇ ಆಗಲಿಲ್ಲ. ನಿನ್ನೆ ಒಂದು ಸುಳ್ಳ ಹೇಳಿದೆ, ಅದು ಖರೇ ಆತು."

ಜನ ಗೊಳ್ಳೆಂದು ನಕ್ಕರು. "ನಗಬ್ಯಾಡ್ರಿ" ಎಂದರು ಮಾಸ್ತರು. ಇನ್ನೂ ನಕ್ಕರು. ಮಾಸ್ತರು ಕಾದರು. ಭೂಗೋಳ ಕಲಿಸಿದವರು, ಗದ್ದಲ ಅಡಗುವವರೆಗೆ ಕಾಯುವುದು ಗೊತ್ತಿತ್ತು. "ಸುಳ್ಳ ಯಾಕ ಹೇಳಿದೆ ಅಂತ ಕೇಳ್ರಿ" ಎಂದರು. "ಈ ಬಾಗಲಾ ಕಿತ್ತರ ನಾ ನಾಕು ಗಂಟೇಕ ಎಲ್ಲಿಗೆ ಹೋಗಲಿ? ಜಗತ್ತಿನ ಎಲ್ಲಾ ಊರಿನ ಹಾದಿ ಗೊತ್ತೈತಿ ನನಗ. ಹೋಗಾಕ ಇದೊಂದs ಜಾಗಾ ಇರೂದು."

ಈಗ ನಗು ಇರಲಿಲ್ಲ. ಅತ್ತಿಗೆಯ ಪಾತ್ರದವಳು ಮುಖದ ಬಣ್ಣ ಕೆಡುವಂತೆ ಅಳುತ್ತಿದ್ದಳು. ಅಳು ತಡೆಯಲು ನನಗೆ ಗೊತ್ತಿರುವ ದಾರಿ ಒಂದೇ. ಬಾಗಿಲಿನಿಂದಲೇ ಗದರಿದೆ. "ಮದಲ ಆ ಛತ್ರಿ ಮಡಚ್ರಿ ಮಾಸ್ತರ. ಮ್ಯಾಲ ನಿಂತು ಛತ್ರಿ ಹಿಡದ್ರ ನಮ್ಮ ಮಾಡು ಸೋರ್ತೈತಿ ಅಂತ ಊರಿಗೆಲ್ಲ ಗೊತ್ತಾಗ್ತೈತಿ."

"ಸೋರ್ತೈತೆಲ್ಲ ಮತ್ತ" ಎಂದರು ಅವರು, ಮೇಲಿನಿಂದ.

"ಸೋರಿದ್ರ ಸೋರ್ಲಿ, ನಾ ಹೇಳಬೇಕು ಅದನ್ನ, ನೀವಲ್ಲ" ಎನ್ನುತ್ತ ನಾನು ನಡೆದೇಬಿಟ್ಟೆ. ಮೆಟ್ಟಿಲು ಹತ್ತುವಾಗ ಅವ್ವನ ಮಾತು ನೆನಪಾಯಿತು. ಕ್ಷಮಿಸು ತಾಯಿ ಎಂದುಕೊಂಡು ಕಾಲಿಟ್ಟೆ. ಬಾಯಿ ತೆರೆದೆ, ಮಾತು ಬಂತು. ಎಷ್ಟು ಬಂತೆಂದರೆ, ಐವತ್ತೇಳು ವರ್ಷದ್ದೆಲ್ಲ ಬಂತು. ಎರಡು ತಾಸು ನಾವಿಬ್ಬರೂ ಜಗಳವಾಡಿದೆವು. ಕಟ್ಟಿಗೆಯ ಕತ್ತಿಯ ತುಕ್ಕಿನ ಬಗ್ಗೆ, ಮೂರು ಸಲ ತೊಳೆದ ಲೋಟದ ಬಗ್ಗೆ. ನಡುವೆ ಶೆಟ್ಟರು ಟೇಪು ಕೇಳಲು ಮೇಲೆ ಬಂದರು, ಅವರಿಗೂ ಮಾತು ಬಂತು. ಮಧ್ಯಾಹ್ನ ಪರದೆ ತಾನಾಗಿ ಇಳಿಯಿತು. ಪಂಚರಲ್ಲಿ ಹಿರಿಯರು ಎದ್ದು, ಬಾಗಿಲು ಇರಲಿ ಎಂದರು. ಅಷ್ಟೇ ಹೇಳಿ ಕೂತರು, ಯಾಕೆಂದರೆ ಪರದೆ ಮತ್ತೆ ಏಳಬಹುದೋ ಏನೋ ಎಂದು ಯಾರಿಗೂ ಏಳಲು ಮನಸ್ಸಿರಲಿಲ್ಲ.

ಅದಾಗಿ ಈಗ ಮೂರು ತಿಂಗಳು. ನಾಟಕಕ್ಕೆ ಊರವರೇ 'ಮಾಸ್ತರ ಸುಳ್ಳು' ಎಂದು ಹೆಸರಿಟ್ಟಿದ್ದಾರೆ. ದಿನವೂ ಆಡುತ್ತೇವೆ, ಒಂದು ದಿನದ ಜಗಳ ಇನ್ನೊಂದು ದಿನಕ್ಕಿಲ್ಲ. ಶೆಟ್ಟರು ಶೇಂಗಾದ ಕೆಲಸವನ್ನು ಮಗಳಿಗೆ ವಹಿಸಿ ಟೇಪು ಹಿಡಿದು ಹಾಜರಾಗುತ್ತಾರೆ. ಇವತ್ತು ಸರತಿ ಮುಗಿಯುತ್ತದೆ. ಮಧ್ಯಾಹ್ನ ದಾವಲಸಾಬನ ಅಂಗಡಿಯಲ್ಲಿ ಎಲ್ಲರೂ ಮಾಸ್ತರನ್ನು ಸುತ್ತುವರಿದು, ನಿಮ್ಮ ನಾಟಕ ಎಲ್ಲಿಗೆ ಎಂದು ಕೇಳಿದರು. ಅವರು ನನ್ನತ್ತ ನೋಡಿದರು. ನಾನು ಏನು ಹೇಳಿ ಎಂದರೂ ಅದನ್ನೇ ಹೇಳುವವರ ಹಾಗೆ ನಿಂತಿದ್ದರು.

"ಖರೇ ಹೇಳ್ರಿ. ಏನ ಕಾಣ್ತೈತಿ ಅದನ್ನ ಹೇಳ್ರಿ" ಎಂದೆ.

"ಇಲ್ಲೇ ಇರ್ತೈತಿ. ಉಪ್ಪಿನ ಕೋಠಿ ಬಿಟ್ಟು ಎಲ್ಲೂ ಹೋಗೂದಿಲ್ಲ" ಎಂದರು ಮಾಸ್ತರು, ಮುಖ ಅರಳಿಸಿ.

ಅಂಗಡಿಯಲ್ಲಿದ್ದವರೆಲ್ಲ ಅಯ್ಯೋ ಎಂದು ಹಣೆ ಚಚ್ಚಿಕೊಂಡು ಬೇರೆ ಥೇಟರುಗಳಿಗೆ ಚಾಪೆ ಹೊತ್ತರು. ನನಗೆ ನಗು ಬಂತು. ಹೇಳಲಿ ಬಿಡಿ, ಬಾಯ್ತುಂಬ ಹೇಳಲಿ. ಈಗ ಥೇಟರು ಆರು, ನಾಟಕವೂ ಆರು. ಮಾತು ಎಂದಿನಂತೆ ತಪ್ಪಿ ನಾವು ಬೇರೆ ಥೇಟರಿಗೆ ಹೋದರೆ ಕೋಠಿಗೆ ಇನ್ನೊಂದು ಬಂದೇ ಬರುತ್ತದೆ, ಹೇಳಲಾಗದು, ಕನ್ನಡಿಯೇ ಬಂದೀತು. ಕೋಠಿಗೆ ಬಂದು ಕಸ ಹೊಡೆದೆ, ಹೊಸ್ತಿಲಿಗೆ ರಂಗೋಲಿ ಹಾಕಿದೆ, ಯಾರು ಬಂದರೂ ಸಿಗಲಿ ಎಂದು ಬೀಗದ ಕೈಯನ್ನು ಬಾಗಿಲ ಮೇಲಿನ ಗೂಡಿನಲ್ಲಿಟ್ಟೆ. ಗೋಡೆಗೆ ಬೆರಳೊತ್ತಿ ಒಮ್ಮೆ ನೆಕ್ಕಿದೆ. ಆಮೇಲೆ ಹುಟ್ಟಿದಾಗಿನಿಂದ ಈ ಬಾಗಿಲು ಬಿಟ್ಟು ಕದಲದವಳು ತಗಡಿನ ಪೆಟ್ಟಿಗೆ ಇಳಿಸಿ, ಎರಡು ಸೀರೆ, ಎರಡು ಚಹಾದ ಲೋಟ ಇಟ್ಟೆ. ಮಾಸ್ತರು ಇವತ್ತೂ ಛತ್ರಿ ಮರೆತು ಹೋಗಿದ್ದರು. ಅದನ್ನೂ ಅಡ್ಡಲಾಗಿ ಇಟ್ಟೆ. ಹಿಡಿ ಹೊರಗೆ ಉಳಿದು ಮುಚ್ಚಳ ಕೂರಲಿಲ್ಲ, ಹಾಗೇ ಹಗ್ಗ ಕಟ್ಟಿದೆ.